ರೀಬೌಂಡ್ ಇಲ್ಲದಿದ್ರೆ ಉಂಗುರ ಇಲ್ವಾ?

2012-13ರ ಎನ್‌ಬಿಎ ಸೀಸನ್ನಿನ ರೀಬೌಂಡ್ ಪಟ್ಟಿ ತೆಗೆದು ಕೆಳಗಿನಿಂದ ಓದಿ. ಮೂವತ್ತು ತಂಡಗಳಲ್ಲಿ ಕಟ್ಟಕಡೆಗೆ ಇರೋದು ಮಯಾಮಿ ಹೀಟ್, ಪಂದ್ಯಕ್ಕೆ ಸರಾಸರಿ 38.6 ರೀಬೌಂಡ್. ಎಲ್ಲರಿಗಿಂತ ಮೇಲೆ ಇಂಡಿಯಾನಾ ಪೇಸರ್ಸ್, 45.9. ಈಗ ಅದೇ ಸೀಸನ್ನಿನ ಗೆಲುವಿನ ಪಟ್ಟಿ ತೆಗೆದು ಮೇಲಿನಿಂದ ಓದಿ. ಮೊದಲ ಹೆಸರೇ ಮಯಾಮಿ ಹೀಟ್. 82 ಪಂದ್ಯಗಳಲ್ಲಿ 66 ಗೆಲುವು, ಅದರಲ್ಲಿ 27 ಸತತವಾಗಿ. ಕೊನೆಗೆ ಚಾಂಪಿಯನ್ ಆದವರೂ ಅವರೇ.

ಒಂದೇ ತಂಡ ಒಂದು ಪಟ್ಟಿಯಲ್ಲಿ ಕೊನೆ, ಇನ್ನೊಂದರಲ್ಲಿ ಮೊದಲು. ಹಾಗಾದ್ರೆ ಆ ರೀಬೌಂಡ್ ದೌರ್ಬಲ್ಯ ನಿಜವಾದದ್ದಾ, ಅಥವಾ ಬರೀ ಕಾಗದದ ಮೇಲಿನದ್ದಾ? ಬ್ಯಾಸ್ಕೆಟ್‌ಬಾಲ್ ಹುಚ್ಚಿರುವವರು ಆ ವರ್ಷವಿಡೀ ಇದನ್ನೇ ಜಗಳ ಆಡಿದರು. ದಿನಾ ಆಫೀಸಿನಲ್ಲಿ ಡ್ಯಾಶ್‌ಬೋರ್ಡುಗಳ ಮುಂದೆ ಕೂತು 'ಈ ನಂಬರ್ ಯಾಕೆ ಕೆಂಪಗಿದೆ' ಅಂತ ಕೇಳಿಸಿಕೊಳ್ಳೋ ನನ್ನಂಥವನಿಗೆ ಈ ಜಗಳ ತುಂಬ ಹತ್ತಿರದ್ದು ಅನ್ನಿಸುತ್ತೆ. ಅದಕ್ಕೇ ಆ ಕಥೆಯನ್ನು ಮೊದಲಿನಿಂದ ಹೇಳ್ತೀನಿ.

ಈ ಆಟ ನೋಡದವರಿಗೆ ಒಂದು ಮಾತು. ಬುಟ್ಟಿಗೆ ಎಸೆದ ಚೆಂಡು ಒಳಗೆ ಬೀಳದೆ ಪುಟಿದು ಹೊರಗೆ ಬಂದಾಗ ಅದನ್ನು ಹಿಡಿಯೋದೇ ರೀಬೌಂಡ್. ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿದ ತೆನೆ ಆರಿಸೋದಕ್ಕೆ ಊರಲ್ಲಿ ಹಕ್ಕಲು ಆಯೋದು ಅಂತಾರಲ್ಲ, ಹಾಗೆ. ಎದುರಾಳಿ ತಪ್ಪಿಸಿಕೊಂಡ ಚೆಂಡನ್ನು ನೀವು ಹಿಡಿದರೆ ಡಿಫೆನ್ಸಿವ್ ರೀಬೌಂಡ್, ಇದು ಸಾಮಾನ್ಯವಾಗಿ ಸಿಗಬೇಕಾದದ್ದೇ. ನಿಮ್ಮದೇ ತಂಡ ತಪ್ಪಿಸಿದ್ದನ್ನು ನೀವೇ ಮತ್ತೆ ಹಿಡಿದರೆ ಅದು ಅಫೆನ್ಸಿವ್ ರೀಬೌಂಡ್. ಅದು ಸಿಕ್ಕರೆ ಬುಟ್ಟಿಗೆ ಎಸೆಯೋಕೆ ಇನ್ನೊಂದು ಅವಕಾಶ, ಅದೂ ಪುಕ್ಕಟೆಯಾಗಿ. ಎತ್ತರದವರು, ಗಟ್ಟಿಮುಟ್ಟಾದವರು ಬುಟ್ಟಿಯ ಕೆಳಗೆ ಮೈಗೆ ಮೈ ತಾಗಿಸಿ ಜಾಗ ಹಿಡಿದು ನಿಂತು ಮಾಡುವ ಕೂಲಿ ಕೆಲಸ ಇದು.

ಎನ್‌ಬಿಎಯಲ್ಲಿ ರೀಬೌಂಡ್ ಎಣಿಸೋಕೆ ಶುರು ಮಾಡಿದ್ದು 1950-51ರಲ್ಲಿ. ಅದಾದ ಹತ್ತು ವರ್ಷಕ್ಕೆ, 1960ರ ನವೆಂಬರ್ 24ರಂದು, ಫಿಲಡೆಲ್ಫಿಯಾ ವಾರಿಯರ್ಸ್‌ನ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 55 ರೀಬೌಂಡ್ ಹಿಡಿದ. ಇವತ್ತಿಗೂ ಆ ದಾಖಲೆ ಮುರಿದಿಲ್ಲ, ಮುರಿಯೋದೂ ಇಲ್ಲ. ಯಾಕಂದ್ರೆ ಆಗ ಆಟದ ಓಟವೇ ಬೇರೆ. ಎರಡೂ ಕಡೆಯವರು ಓಡಿ ಓಡಿ ಎಸೀತಿದ್ರು, ಹತ್ತರಲ್ಲಿ ಆರು ಹೊರಗೆ ಬೀಳ್ತಿತ್ತು. ಗದ್ದೆ ತುಂಬ ತೆನೆ ಉದುರಿತ್ತು, ಆಯೋರಿಗೆ ಹಬ್ಬ. ಅಂದ ಹಾಗೆ, 55 ರೀಬೌಂಡಿನ ಆ ಪಂದ್ಯವನ್ನು ಗೆದ್ದಿದ್ದು ಎದುರಾಳಿ ಬಾಸ್ಟನ್ ಸೆಲ್ಟಿಕ್ಸ್, 132-129. ಬರೀ ರೀಬೌಂಡಿನ ಸಂಖ್ಯೆಯನ್ನು ನಂಬಬಾರದು ಅನ್ನೋದಕ್ಕೆ ಅರ್ಧ ಶತಮಾನದ ಹಿಂದೆಯೇ ಸಾಕ್ಷಿ ಇತ್ತು, ಯಾರೂ ಓದಲಿಲ್ಲ ಅಷ್ಟೆ.

ನಂಬಿಕೆ ಮಾತ್ರ ಬೆಳೀತಾ ಹೋಯ್ತು. 'ರೀಬೌಂಡ್ ಇಲ್ಲದಿದ್ರೆ ಉಂಗುರವೂ ಇಲ್ಲ' ಅನ್ನೋ ಗಾದೆ ಅಮೆರಿಕದ ಕೋಚುಗಳ ಬಾಯಲ್ಲಿ ಈಗಲೂ ಇದೆ. ಚಾಂಪಿಯನ್ನರಿಗೆ ಕೊಡುವ ಉಂಗುರ ಅದು. ಈ ಮಾತು ಅಂಟಿಕೊಂಡಿರೋದು ಪ್ಯಾಟ್ ರೈಲಿ ಹೆಸರಿಗೆ. ಎಂಬತ್ತರ ದಶಕದಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ನಾಲ್ಕು ಪ್ರಶಸ್ತಿ ಗೆಲ್ಲಿಸಿಕೊಟ್ಟ ಕೋಚ್. ತಮಾಷೆ ಏನಂದ್ರೆ, 2012-13ರಲ್ಲಿ ಇದೇ ರೈಲಿ ಮಯಾಮಿ ಹೀಟ್‌ನ ಅಧ್ಯಕ್ಷ. ಗಾದೆಯ ಯಜಮಾನನ ಮನೆಯಲ್ಲೇ ಗಾದೆಯನ್ನು ಮುರಿಯೋ ಕೆಲಸ ನಡೀತಿತ್ತು.

ಅದು ಶುರುವಾಗಿದ್ದು ಒಂದು ಸೋಲಿನಿಂದ. 2010ರಲ್ಲಿ ಲೆಬ್ರಾನ್ ಜೇಮ್ಸ್ ಮತ್ತು ಕ್ರಿಸ್ ಬಾಷ್ ಮಯಾಮಿಗೆ ಬಂದು ಡ್ವೇನ್ ವೇಡ್ ಜೊತೆ ಸೇರಿಕೊಂಡರು. ಮೂರು ದೊಡ್ಡ ಹೆಸರು, ದೊಡ್ಡ ಗದ್ದಲ. 2011ರ ಫೈನಲ್ಸ್‌ನಲ್ಲಿ ಡಲ್ಲಾಸ್ ವಿರುದ್ಧ ಮುಗ್ಗರಿಸಿದಾಗ ಇಡೀ ದೇಶ ನಕ್ಕಿತು. ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ ಆ ಬೇಸಿಗೆಯಲ್ಲಿ ಆರೆಗಾನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಬ್ಯಾಸ್ಕೆಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್ ಕೋಚ್ ಚಿಪ್ ಕೆಲ್ಲಿಯನ್ನು ಕಂಡರು. ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ, ಎದುರಾಳಿಯ ರಕ್ಷಣೆಯನ್ನು ಎಳೆದು ತೆಳ್ಳಗೆ ಮಾಡಿ, ಆ ಸಂದಿಯಲ್ಲಿ ನುಗ್ಗೋದು ಕೆಲ್ಲಿಯ ವಿದ್ಯೆ. ಸ್ಪೋಲ್‌ಸ್ಟ್ರಾ ಅದನ್ನು ತಂದು ಬ್ಯಾಸ್ಕೆಟ್‌ಬಾಲಿಗೆ ಕಸಿ ಕಟ್ಟಿದರು.

ಆದ್ರೂ ಪೂರ್ತಿ ಧೈರ್ಯ ಬಂದಿದ್ದು ಒಂದು ಗಾಯದಿಂದ. 2012ರ ಪ್ಲೇಆಫ್‌ನಲ್ಲಿ ಇಂಡಿಯಾನಾ ವಿರುದ್ಧ ಮೊದಲ ಪಂದ್ಯದಲ್ಲೇ ಬಾಷ್‌ಗೆ ಹೊಟ್ಟೆಯ ಸ್ನಾಯು ಎಳೆದುಕೊಂಡಿತು. ಎತ್ತರದವರೇ ಇಲ್ಲದ ತಂಡ ಅನಿವಾರ್ಯವಾಗಿ ಚಿಕ್ಕವರನ್ನು ಇಟ್ಟುಕೊಂಡು ಆಡಿತು, ಗೆದ್ದಿತು. ಬಾಷ್ ವಾಪಸ್ ಬಂದಮೇಲೆ ಅವನನ್ನೇ ಬುಟ್ಟಿಯ ಕೆಳಗಿನ ಸೆಂಟರ್ ಜಾಗಕ್ಕೆ ಹಾಕಿ, ಅವನ ಹಳೇ ಜಾಗದಲ್ಲಿ ಶೇನ್ ಬ್ಯಾಟಿಯೆಯಂಥ ದೂರದಿಂದ ಎಸೆಯುವವನನ್ನು ನಿಲ್ಲಿಸಿದರು. ಆ ವರ್ಷ ಉಂಗುರ ಬಂತು. ಅನಿವಾರ್ಯಕ್ಕೆ ಮಾಡಿದ್ದು ಪದ್ಧತಿಯಾಯ್ತು. ಆ ಬೇಸಿಗೆಯಲ್ಲಿ ಅವರು ಕರೆತಂದಿದ್ದೂ ರೀಬೌಂಡ್ ಹಿಡಿಯೋ ದೈತ್ಯನನ್ನಲ್ಲ. ಮೂರು ಪಾಯಿಂಟಿನ ಮಾಂತ್ರಿಕ ರೇ ಆಲನ್‌ನನ್ನು.

2012-13ರಲ್ಲಿ ಗೊಣಗಾಟ ಶುರುವಾಯ್ತು. ತಂಡದಲ್ಲಿ ಅತಿ ಹೆಚ್ಚು ರೀಬೌಂಡ್ ಹಿಡೀತಿದ್ದವನು ಸೆಂಟರ್ ಬಾಷ್ ಅಲ್ಲ, ಚೆಂಡು ಹಿಡಿದು ಆಟ ನಡೆಸುವ ಲೆಬ್ರಾನ್, ಪಂದ್ಯಕ್ಕೆ 8. ಜನವರಿಯಲ್ಲಿ ಕ್ರಿಸ್ ಆಂಡರ್ಸನ್ ಅನ್ನೋ ಹಚ್ಚೆಮೈಯ ಆಸಾಮಿಯನ್ನು ಹತ್ತು ದಿನದ ಕರಾರಿನ ಮೇಲೆ ಕರೆಸಿಕೊಂಡರು. ಅಂದ್ರೆ ಒಳಗಿನವರಿಗೂ ಸ್ವಲ್ಪ ಅಳುಕು ಇತ್ತು ಅಂತ ಅರ್ಥ.

ಈಗ ಅಂಕಿಗೆ ಬರೋಣ. 'ಪಂದ್ಯಕ್ಕೆ ಇಷ್ಟು ರೀಬೌಂಡ್' ಅನ್ನೋ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆ ಇದೆ. ಹಿಡಿಯೋಕೆ ಎಷ್ಟು ಚೆಂಡು ಸಿಕ್ಕಿತ್ತು ಅನ್ನೋದನ್ನು ಅದು ಹೇಳೋದಿಲ್ಲ. ಕ್ರಿಕೆಟ್ಟಿನಲ್ಲಿ ನೋಡಿ: ಒಂದು ತಂಡದ ಬೌಲರುಗಳು ಬರೀ ಬೌಲ್ಡ್, ಎಲ್‌ಬಿಡಬ್ಲ್ಯು ಮಾಡಿ ಆಲೌಟ್ ಮಾಡಿದರು ಅಂದ್ಕೊಳ್ಳಿ. ಸ್ಕೋರ್‌ಕಾರ್ಡಿನಲ್ಲಿ ಕ್ಯಾಚುಗಳು ಕಡಿಮೆ. ಅಷ್ಟಕ್ಕೇ ಅವರ ಫೀಲ್ಡಿಂಗ್ ಕೆಟ್ಟದು ಅಂತೀರಾ? ಬಂದ ಹತ್ತು ಕ್ಯಾಚಿನಲ್ಲಿ ಎಷ್ಟು ಬಿಟ್ಟರು ಅಂತ ಕೇಳಬೇಕು. ರೀಬೌಂಡಿಗೂ ಅದೇ. ಡೀನ್ ಆಲಿವರ್ ಅನ್ನೋರು 2004ರಲ್ಲಿ 'ಬ್ಯಾಸ್ಕೆಟ್‌ಬಾಲ್ ಆನ್ ಪೇಪರ್' ಅನ್ನೋ ಪುಸ್ತಕ ಬರೆದರು. ಶೇಕಡಾವಾರು ಲೆಕ್ಕವನ್ನು ಸಾಮಾನ್ಯ ಓದುಗರವರೆಗೆ ಮುಟ್ಟಿಸಿದವರಲ್ಲಿ ಅವರು ಮುಖ್ಯರು. ಅವರ ಪ್ರಕಾರ ಗೆಲುವು ನಿಂತಿರೋದು ನಾಲ್ಕು ಕಾಲುಗಳ ಮೇಲೆ: ಎಸೆದದ್ದು ಬುಟ್ಟಿಗೆ ಬೀಳೋದು, ಚೆಂಡನ್ನು ಕೈಬಿಡದಿರೋದು, ರೀಬೌಂಡ್, ಫ್ರೀ ಥ್ರೋ. ತೂಕ ಕ್ರಮವಾಗಿ ಸುಮಾರು 40, 25, 20, 15. ರೀಬೌಂಡ್ ಮೂರನೇ ಕಾಲು. ಮುರಿದ್ರೆ ಮಂಚ ಅಲುಗಾಡುತ್ತೆ, ಆದ್ರೆ ಮಂಚ ಅಂದ್ರೆ ಅದೊಂದೇ ಅಲ್ಲ.

ಹೀಟ್ ಅಭಿಮಾನಿಗಳ ವಾದ ಇಲ್ಲಿಂದ ಹುಟ್ಟಿತು. 'ನಮ್ಮೋರು ಎಸೆದದ್ದೆಲ್ಲ ಒಳಗೆ ಬೀಳುತ್ತೆ ಸ್ವಾಮಿ, ಆಮೇಲೆ ಹಿಡಿಯೋಕೆ ಏನಿದೆ?' ಕೇಳೋಕೆ ಚೆನ್ನಾಗಿದೆ. ಆ ವರ್ಷ ಅವರು ಎಸೆದದ್ದರಲ್ಲಿ ಶೇಕಡಾ 49.6 ಒಳಗೆ ಬಿದ್ದಿತ್ತು, ಲೀಗಿನಲ್ಲೇ ಅತಿ ಹೆಚ್ಚು. ಆದ್ರೆ ಪೆನ್ನು ಹಿಡಿದು ಕೂತರೆ ಈ ವಾದ ಪೂರ್ತಿ ನಿಲ್ಲೋದಿಲ್ಲ. ತನ್ನದೇ ತಂಡ ತಪ್ಪಿಸಿದ ನಾಲ್ಕು ಚೆಂಡಿನಲ್ಲಿ ಸಾಮಾನ್ಯ ತಂಡವೊಂದು ಒಂದನ್ನು ಹಿಡಿಯುತ್ತೆ, ಉಳಿದ ಮೂರು ಎದುರಾಳಿಗೆ. ಅಂದ್ರೆ ನೀವು ನಾಲ್ಕು ಶಾಟ್ ಹೆಚ್ಚಿಗೆ ಒಳಗೆ ಹಾಕಿದರೆ ನಿಮಗೆ ಕೈತಪ್ಪೋದು ಒಂದೇ ರೀಬೌಂಡ್, ಎದುರಾಳಿಗೆ ಮೂರು. ಪಟ್ಟಿಯಲ್ಲಿ ಏಳು ರೀಬೌಂಡಿನ ಅಂತರಕ್ಕೆ ಈ ಒಂದು ಸಾಲೋದಿಲ್ಲ.

ಇನ್ನೂ ಎರಡು ಕಾರಣ ಸೇರಿಸಬೇಕು. ಒಂದು, ಹೀಟ್ ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳೋದರಲ್ಲಿ ಮುಂದಿದ್ದ ತಂಡ. ಎದುರಾಳಿ ಎಸೆಯೋಕೆ ಮುಂಚೆಯೇ ಚೆಂಡು ಕಿತ್ತುಕೊಂಡರೆ ಅಲ್ಲಿ ರೀಬೌಂಡ್ ಅನ್ನೋದೇ ಹುಟ್ಟೋದಿಲ್ಲ. ಪೈರು ಬೆಳೆಯದ ಗದ್ದೆಯಲ್ಲಿ ಹಕ್ಕಲು ಎಲ್ಲಿಂದ? ಇನ್ನೊಂದು, ವೇಗದ ತಂಡ ಅನ್ನೋ ಹೆಸರಿದ್ದರೂ ಒಟ್ಟಾರೆ ಅವರ ಪಂದ್ಯಗಳು ನಿಧಾನವಾಗಿಯೇ ನಡೀತಿದ್ದವು, ಎರಡೂ ಕಡೆ ಶಾಟುಗಳೇ ಕಡಿಮೆ. ಇದನ್ನೆಲ್ಲ ಕಳೆದು ಶೇಕಡಾವಾರು ನೋಡಿದರೂ ಹೀಟ್ ಒಳ್ಳೇ ರೀಬೌಂಡ್ ತಂಡವೇನಲ್ಲ. ಕೆಳಗಿನ ಅರ್ಧದಲ್ಲೇ ಇರುತ್ತೆ. ಅಂದ್ರೆ ಪಟ್ಟಿ ದೌರ್ಬಲ್ಯವನ್ನು ಹಿಗ್ಗಿಸಿ ತೋರಿಸಿತ್ತು ಅನ್ನೋದು ನಿಜ, ಆದ್ರೆ ಇಲ್ಲದ್ದನ್ನು ಹುಟ್ಟಿಸಿರಲಿಲ್ಲ.

ಇಲ್ಲಿಂದ ನನಗೆ ಪ್ರಶ್ನೆಯೇ ಬದಲಾಗುತ್ತೆ. 'ದೌರ್ಬಲ್ಯ ಇದೆಯಾ' ಅನ್ನೋದಲ್ಲ, 'ಅದನ್ನು ಕೊಟ್ಟು ಏನು ತಗೊಂಡ್ರು' ಅನ್ನೋದು. ಆರಡಿ ಹನ್ನೊಂದು ಅಂಗುಲದ ಬಾಷ್ ಬುಟ್ಟಿಯ ಕೆಳಗೆ ನಿಂತಿದ್ದರೆ ರೀಬೌಂಡ್ ಸಿಗುತ್ತಿತ್ತು. ಅವನು ದೂರ ಹೋಗಿ ನಿಂತ. ಅವನು ಅಲ್ಲಿಂದಲೂ ಬುಟ್ಟಿಗೆ ಹಾಕಬಲ್ಲ, ಹಾಗಾಗಿ ಎದುರಾಳಿಯ ಎತ್ತರದವನೂ ಅವನ ಹಿಂದೆ ಹೋಗಲೇಬೇಕು. ಬುಟ್ಟಿಯ ಕೆಳಗಿನ ಅಂಗಳ ಖಾಲಿ. ಆ ಖಾಲಿ ಅಂಗಳಕ್ಕೆ ಲೆಬ್ರಾನ್, ವೇಡ್ ನುಗ್ಗುತ್ತಿದ್ದರು. ಲೆಬ್ರಾನ್ ಆ ವರ್ಷ ಎಸೆದದ್ದರಲ್ಲಿ ಶೇಕಡಾ 56.5 ಒಳಗೆ ಹಾಕಿದ.

ಒಂದು ಅಂದಾಜು ಲೆಕ್ಕ ಮಾಡೋಣ. ಹೀಟ್ ಪಂದ್ಯಕ್ಕೆ ಸುಮಾರು 77 ಶಾಟ್ ಎಸೀತಿದ್ರು, 39 ತಪ್ಪುತ್ತಿತ್ತು. ದೊಡ್ಡ ದೇಹದವರನ್ನು ಇಟ್ಟುಕೊಂಡು ಈ 39ರಲ್ಲಿ ಎರಡನ್ನು ಹೆಚ್ಚಿಗೆ ಹಿಡಿದಿದ್ದರೆ? ಒಂದು ಅವಕಾಶಕ್ಕೆ ಸರಾಸರಿ ಒಂದು ಪಾಯಿಂಟ್ ಅಂದ್ರೂ ಪಂದ್ಯಕ್ಕೆ ಎರಡು ಪಾಯಿಂಟ್ ಲಾಭ. ಈಗ ಇನ್ನೊಂದು ತಟ್ಟೆ. ಲೀಗಿನ ಸರಾಸರಿ ತಂಡ ಶೇಕಡಾ 45ರಷ್ಟು ಶಾಟ್ ಒಳಗೆ ಹಾಕುತ್ತಿತ್ತು. ಹೀಟ್ ಅದಕ್ಕಿಂತ ನಾಲ್ಕು ಚಿಲ್ಲರೆ ಹೆಚ್ಚು. 77ಕ್ಕೆ ಗುಣಿಸಿದರೆ ಪಂದ್ಯಕ್ಕೆ ಮೂರು ಬುಟ್ಟಿ ಹೆಚ್ಚು, ಅಂದ್ರೆ ಆರೇಳು ಪಾಯಿಂಟ್. ಈ ಆರೇಳೂ ಖಾಲಿ ಅಂಗಳದಿಂದಲೇ ಬಂತು ಅಂತ ನಾನು ಹೇಳೋದಿಲ್ಲ. ಲೆಬ್ರಾನ್ ಯಾವ ಅಂಗಳದಲ್ಲಿ ಬಿಟ್ಟರೂ ಲೆಬ್ರಾನೇ. ಆದ್ರೆ ಅರ್ಧ ಬಂದಿದ್ದರೂ ವ್ಯಾಪಾರ ಲಾಭದ್ದೇ. ಅವರು ಹಕ್ಕಲು ಬಿಟ್ಟು ಕೊಯ್ಲನ್ನೇ ಚೊಕ್ಕ ಮಾಡಿದ್ದರು.

ಲೆಕ್ಕ ಹೀಗೆ ಹೇಳುತ್ತೆ. ಅಂಗಳದಲ್ಲಿ ಅದನ್ನು ಪರೀಕ್ಷೆ ಮಾಡಿದ್ದು ಇಂಡಿಯಾನಾ. 2013ರ ಪೂರ್ವ ವಲಯದ ಫೈನಲ್ಸ್: ರೀಬೌಂಡ್ ಪಟ್ಟಿಯ ಮೊದಲನೆಯವರ ವಿರುದ್ಧ ಕಟ್ಟಕಡೆಯವರು. ಏಳಡಿ ಎರಡು ಅಂಗುಲದ ರಾಯ್ ಹಿಬರ್ಟ್ ಆ ಸರಣಿಯಲ್ಲಿ ಪಂದ್ಯಕ್ಕೆ ಸರಾಸರಿ 22 ಪಾಯಿಂಟ್, 10 ರೀಬೌಂಡ್ ಬಾರಿಸಿದ. ಡೇವಿಡ್ ವೆಸ್ಟ್ ಪಕ್ಕದಲ್ಲಿ ಗೂಳಿಯ ಹಾಗೆ ನಿಂತಿದ್ದ. ನಾಲ್ಕನೇ ಮತ್ತು ಆರನೇ ಪಂದ್ಯಗಳಲ್ಲಿ ಇಂಡಿಯಾನಾ ಬುಟ್ಟಿಯ ಕೆಳಗೆ ಮಯಾಮಿಯನ್ನು ಅಕ್ಷರಶಃ ಮೂಲೆಗೆ ತಳ್ಳಿ ಗೆದ್ದಿತು. 66 ಪಂದ್ಯ ಗೆದ್ದ ತಂಡ ಏಳನೇ ಪಂದ್ಯದ ತುದಿಗೆ ಬಂದು ನಿಂತಿತ್ತು. 'ಇದೇ ನೋಡಿ, ನಾವು ಹೇಳಿರಲಿಲ್ಲವಾ' ಅಂತ ಗೊಣಗುವವರಿಗೆ ದನಿ ಬಂತು. ಜೂನ್ 3ರಂದು ಏಳನೇ ಪಂದ್ಯವನ್ನು ಮಯಾಮಿ 99-76ರಲ್ಲಿ ಗೆದ್ದು ಉಸಿರು ಬಿಟ್ಟಿತು. ಆ ದಿನ ಅವರು ರೀಬೌಂಡಿನಲ್ಲಿ ಹಿಂದೆ ಬೀಳಲಿಲ್ಲ ಅನ್ನೋದನ್ನೂ ಹೇಳಿಬಿಡಬೇಕು.

ಆಮೇಲೆ ಸ್ಯಾನ್ ಆಂಟೋನಿಯೊ ಸ್ಪರ್ಸ್. ಐದು ಪಂದ್ಯ ಮುಗಿದಾಗ ಸ್ಪರ್ಸ್ 3-2 ಮುಂದೆ. ಆರನೇ ಪಂದ್ಯ ಜೂನ್ 18ರ ರಾತ್ರಿ ಮಯಾಮಿಯಲ್ಲಿ, ನಮ್ಮಲ್ಲಿ ಆಗ 19ರ ಬೆಳಗ್ಗೆ. ಸ್ಪರ್ಸ್‌ನ ಟಿಮ್ ಡಂಕನ್ ಆ ದಿನ 30 ಪಾಯಿಂಟ್, 17 ರೀಬೌಂಡ್. 28.2 ಸೆಕೆಂಡ್ ಉಳಿದಾಗ ಸ್ಪರ್ಸ್ 94-89ರಿಂದ ಮುಂದೆ. ಪ್ರಶಸ್ತಿ ಪ್ರದಾನಕ್ಕೆ ಅಂಗಳದ ಸುತ್ತ ಹಳದಿ ಹಗ್ಗ ಹಿಡಿದು ಸಿಬ್ಬಂದಿ ಬಂದಾಗಿತ್ತು. ಮಯಾಮಿಯ ಕೆಲವು ಪ್ರೇಕ್ಷಕರು ಎದ್ದು ಹೊರಟಿದ್ದರು.

ಲೆಬ್ರಾನ್ ಮೂರು ಪಾಯಿಂಟಿಗೆ ಎಸೆದ. ತಪ್ಪಿತು. ಪುಟಿದ ಚೆಂಡು ಕೈಗಳ ನಡುವೆ ಒದ್ದಾಡಿ ಕೊನೆಗೆ ಮಯಾಮಿಯ ಮೈಕ್ ಮಿಲ್ಲರ್‌ಗೆ ಸಿಕ್ಕಿತು. ಮತ್ತೆ ಲೆಬ್ರಾನ್‌ಗೆ. ಈ ಸಲ ಒಳಗೆ: 94-92, ಉಳಿದಿದ್ದು 20.1 ಸೆಕೆಂಡ್. ಸ್ಪರ್ಸ್‌ನ ಕವಾಯ್ ಲೆನಾರ್ಡ್‌ಗೆ ಎರಡು ಫ್ರೀ ಥ್ರೋ, ಒಂದು ತಪ್ಪಿತು: 95-92. ಮತ್ತೆ ಲೆಬ್ರಾನ್, ಮತ್ತೆ ಮೂರು ಪಾಯಿಂಟಿನ ಶಾಟ್, ಮತ್ತೆ ತಪ್ಪಿತು. ಚೆಂಡು ಮೇಲಕ್ಕೆ ಪುಟಿಯಿತು. ಗುಂಪಿನ ನಡುವೆ ಎಗರಿ ಅದನ್ನು ಹಿಡಿದವನು ಕ್ರಿಸ್ ಬಾಷ್. ಇಡೀ ವರ್ಷ 'ಇವನಿಗೆ ರೀಬೌಂಡ್ ಹಿಡಿಯೋಕೆ ಬರೋಲ್ಲ' ಅಂತ ಅನ್ನಿಸಿಕೊಂಡ ಅದೇ ಬಾಷ್. ಬಲಗಡೆ ಮೂಲೆಗೆ ಹಿಂದೆ ಹಿಂದೆ ಹೆಜ್ಜೆ ಹಾಕ್ತಾ ಹೋಗುತ್ತಿದ್ದ ರೇ ಆಲನ್‌ಗೆ ಕೊಟ್ಟ. ಆಲನ್ ಎಸೆದ. 95-95, ಉಳಿದಿದ್ದು 5.2 ಸೆಕೆಂಡ್. ಹೆಚ್ಚುವರಿ ಸಮಯದಲ್ಲಿ ಮಯಾಮಿ 103-100ರಿಂದ ಗೆದ್ದಿತು. ಎರಡು ದಿನ ಬಿಟ್ಟು ಏಳನೇ ಪಂದ್ಯ 95-88. ಉಂಗುರ ಬಂತು.

ಲೀಗಿನಲ್ಲಿ ಅತಿ ಕಡಿಮೆ ರೀಬೌಂಡ್ ಹಿಡಿದ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟಿದ್ದು ಕೊನೇ ಅರ್ಧ ನಿಮಿಷದ ಎರಡು ಅಫೆನ್ಸಿವ್ ರೀಬೌಂಡ್. ರೈಲಿಯ ಗಾದೆ ಆ ರಾತ್ರಿ ಹಿಂಬಾಗಿಲಿನಿಂದ ಒಳಗೆ ಬಂದು ಕೂತುಬಿಟ್ಟಿತು.

ಆದ್ರೆ ನನ್ನ ಕಣ್ಣು ನೆಟ್ಟಿರೋದು ಬೆಂಚಿನ ಮೇಲೆ. ಬಾಷ್ ಆ ಚೆಂಡು ಹಿಡಿದಾಗ ಡಂಕನ್ ಅಂಗಳದಲ್ಲೇ ಇರಲಿಲ್ಲ. ಅವತ್ತು 17 ರೀಬೌಂಡ್ ಹಿಡಿದವನನ್ನು ಕೋಚ್ ಗ್ರೆಗ್ ಪಾಪೊವಿಚ್ ಹೊರಗೆ ಕೂರಿಸಿದ್ದರು. ಯಾಕೆ? ಮಯಾಮಿಗೆ ಬೇಕಾಗಿದ್ದು ಮೂರು ಪಾಯಿಂಟ್. ಅವರು ಖಂಡಿತ ದೂರದಿಂದಲೇ ಎಸೀತಾರೆ. ಅಂಥ ಹೊತ್ತಿನಲ್ಲಿ ಗೆರೆಯ ಬಳಿ ಓಡಾಡಿ ಅಡ್ಡ ನಿಲ್ಲೋಕೆ ಎತ್ತರದವನಿಗಿಂತ ಚುರುಕಿನವರು ಬೇಕು. ಅಂದ್ರೆ ರೀಬೌಂಡ್ ಕೊಟ್ಟು ಗೆರೆಯ ಕಾವಲು ತಗೊಂಡರು. ಸರಿಯಾಗಿ ನೋಡಿದ್ರೆ, ಸ್ಪೋಲ್‌ಸ್ಟ್ರಾ ಇಡೀ ವರ್ಷ ಮಾಡಿದ್ದ ವ್ಯಾಪಾರವನ್ನೇ ಪಾಪೊವಿಚ್ ಆ ಅರ್ಧ ನಿಮಿಷದಲ್ಲಿ ಮಾಡಿದರು. ಒಬ್ಬನಿಗೆ ಉಂಗುರ ಬಂತು, ಇನ್ನೊಬ್ಬನಿಗೆ ಬೈಗುಳ. ಲೆಬ್ರಾನ್‌ನ ಎರಡೂ ಶಾಟ್ ತಪ್ಪಿದ್ದವು ಅನ್ನೋದನ್ನು ಮರೀಬೇಡಿ. ಕಾವಲು ತನ್ನ ಕೆಲಸ ಮಾಡಿತ್ತು. 82 ಪಂದ್ಯಗಳಲ್ಲಿ ಹರಡಿಕೊಂಡಾಗ ಸರಾಸರಿ ತನ್ನ ನ್ಯಾಯ ಹೇಳುತ್ತೆ. ಒಂದೇ ಚೆಂಡು ಗಾಳಿಯಲ್ಲಿದ್ದಾಗ ಸರಾಸರಿಗೆ ಬಾಯಿಲ್ಲ.

ಆ ಚೆಂಡು ಇನ್ನೊಂದು ಕೈಗೆ ಹೋಗಿದ್ದರೆ ಇತಿಹಾಸ ಏನು ಬರೀತಿತ್ತು ಅಂತ ಊಹಿಸೋದು ಕಷ್ಟವಲ್ಲ. ಚಿಕ್ಕವರನ್ನು ಕಟ್ಟಿಕೊಂಡು ಆಡೋದು ಹುಡುಗಾಟ, ರೀಬೌಂಡ್ ಇಲ್ಲದ್ದಕ್ಕೇ ಸೋತರು ಅಂತ ಮರುದಿನ ಬರೀತಿದ್ರು. ಮರುವರ್ಷ, 2013-14ರಲ್ಲಿ, ಮಯಾಮಿ ಮತ್ತೆ ಕಟ್ಟಕಡೆ, 36.9. ಮತ್ತೆ ಫೈನಲ್ಸ್, ಮತ್ತೆ ಸ್ಪರ್ಸ್. ಈ ಸಲ 4-1ರಿಂದ ಸೋತರು. ಸೋಲಿಸಿದ್ದು ಮಾತ್ರ ರೀಬೌಂಡ್ ಅಲ್ಲ. ಸ್ಪರ್ಸ್ ಚೆಂಡನ್ನು ಕೈಯಿಂದ ಕೈಗೆ ದಾಟಿಸಿದ ಚಂದಕ್ಕೆ ಮಯಾಮಿಯ ಕಾಲುಗಳೇ ಸೋತವು. ಸ್ಪರ್ಸ್ ಎಸೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಳಗೆ ಬಿತ್ತು. ಮೊದಲನೇ ಕಾಲು ಮುರಿದಾಗ ಮೂರನೇ ಕಾಲನ್ನು ದೂರಿ ಏನು ಪ್ರಯೋಜನ?

ಅದರ ಮರುವರ್ಷ ಕಥೆ ಪೂರ್ತಿ ತಿರುಗಿತು. 2015ರ ಫೈನಲ್ಸ್‌ನಲ್ಲಿ ಲೆಬ್ರಾನ್ ಕ್ಲೀವ್‌ಲ್ಯಾಂಡ್ ಪರ. ಅವನ ಪಕ್ಕದಲ್ಲಿ ರೀಬೌಂಡ್ ಬಾಚಿಕೊಳ್ಳುವ ಟ್ರಿಸ್ಟನ್ ಥಾಂಪ್ಸನ್, ಟಿಮೊಫೆ ಮೊಜ್ಗೊವ್. ಎದುರಿಗೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ 2-1 ಹಿಂದೆ. ನಾಲ್ಕನೇ ಪಂದ್ಯಕ್ಕೆ ಅವರು ಏಳಡಿಯ ಸೆಂಟರ್ ಆಂಡ್ರೂ ಬೋಗಟ್‌ನನ್ನು ಕೂರಿಸಿ ಆಂಡ್ರೆ ಇಗ್ವಡಾಲಾನನ್ನು ಇಳಿಸಿದರು. ರೀಬೌಂಡ್ ಹೋದರೆ ಹೋಗಲಿ ಅಂತ. ಆಮೇಲಿನ ಮೂರೂ ಪಂದ್ಯ ಗೆದ್ದು ಚಾಂಪಿಯನ್ ಆದರು. ಲೀಗಿನ ತುಂಬ ಇದೇ ಗಾಳಿ ಬೀಸಿತು. ಎಂಬತ್ತರ ದಶಕದಲ್ಲಿ ತಂಡಗಳು ತಾವು ತಪ್ಪಿಸಿದ ಚೆಂಡಿನಲ್ಲಿ ಸುಮಾರು ಮೂರರಲ್ಲೊಂದನ್ನು ಮತ್ತೆ ಹಿಡೀತಿದ್ದವು. 2018ರ ಹೊತ್ತಿಗೆ ಅದು ಐದರಲ್ಲೊಂದಕ್ಕೆ ಹತ್ತಿರ ಬಂತು. ಕೈಲಾಗದೆ ಅಲ್ಲ, ಬೇಕಂತಲೇ ಬಿಟ್ಟಿದ್ದು. ಎಲ್ಲರೂ ಬಿಟ್ಟಾಗ ಹಿಡಿಯುವವನಿಗೆ ಲಾಭ ಅನ್ನೋದು ಸಂತೆಯ ನಿಯಮ ಅಲ್ವಾ, ಈಚೆಗೆ ಕೆಲವು ತಂಡಗಳು ಮತ್ತೆ ಗಟ್ಟಿಮುಟ್ಟಾದವರನ್ನು ಬುಟ್ಟಿಯ ಕೆಳಗೆ ಕಳಿಸೋಕೆ ಶುರು ಮಾಡಿವೆ.

ಹಾಗಾದ್ರೆ ಆ ಮಯಾಮಿ ತಂಡದ ದೌರ್ಬಲ್ಯ ನಿಜವಾದದ್ದಾ? ನನ್ನ ಉತ್ತರ: ನಿಜವಾದದ್ದೇ, ಆದ್ರೆ ಪಟ್ಟಿ ಹೇಳಿದಷ್ಟು ದೊಡ್ಡದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದು ರೋಗ ಅಲ್ಲ, ಬೆಲೆ. ರೋಗ ಇದ್ದರೆ ವಾಸಿ ಮಾಡಬೇಕು. ಬೆಲೆ ಆಗಿದ್ದರೆ ಕೊಟ್ಟದ್ದಕ್ಕೆ ತಕ್ಕ ಮಾಲು ಬಂತಾ ಅಂತ ನೋಡಬೇಕು. ಮಯಾಮಿಗೆ ಬಂದಿತ್ತು. ಅದನ್ನು ರೋಗ ಅಂದುಕೊಂಡು ವಾಸಿ ಮಾಡೋಕೆ ಹೊರಟಿದ್ದರೆ, ಅಂದ್ರೆ ಬಾಷ್‌ನನ್ನು ಬುಟ್ಟಿಯ ಕೆಳಗೆ ಕಟ್ಟಿಹಾಕಿ ಪಕ್ಕದಲ್ಲಿ ಇನ್ನೊಬ್ಬ ದೈತ್ಯನನ್ನು ನಿಲ್ಲಿಸಿದ್ದರೆ, ರೀಬೌಂಡ್ ಪಟ್ಟಿಯಲ್ಲಿ ಹದಿನೈದನೇ ಜಾಗಕ್ಕೆ ಏರ್ತಿದ್ರು. ಗೆಲುವಿನ ಪಟ್ಟಿಯಲ್ಲಿ ಎಲ್ಲಿರ್ತಿದ್ರೋ.

ನನ್ನ ಕೆಲಸದಲ್ಲಿ ಇಂಥ ಸಭೆಗಳನ್ನು ಬೇಕಾದಷ್ಟು ನೋಡಿದ್ದೀನಿ. ಯಾವುದೋ ಒಂದು ಅಂಕಿ ಕೆಂಪಗಿದೆ ಅಂತ ನಾಲ್ಕು ಜನ ಸೇರಿ ಅದನ್ನು ಹಸಿರು ಮಾಡೋಕೆ ಹೊರಡ್ತಾರೆ. ಆ ಕೆಂಪಿಗೆ ಪ್ರತಿಯಾಗಿ ಬೇರೆಲ್ಲೋ ಏನು ಹಸಿರಾಗಿತ್ತು ಅಂತ ಕೇಳೋರು ಕಡಿಮೆ. ಸ್ಪೋಲ್‌ಸ್ಟ್ರಾ ಕೇಳಿಕೊಂಡಿದ್ದರು. ಆಮೇಲೂ ಅವರಿಗೆ ಅದೃಷ್ಟ ಬೇಕಾಗಿತ್ತು, ಒಂದು ಚೆಂಡಿನಷ್ಟು. ಬಾಷ್ ಎಗರಿದ್ದ ಜಾಗದಲ್ಲಿ ಡಂಕನ್ ನಿಂತಿದ್ದರೆ ಈ ಬರಹಕ್ಕೆ ನಾನು ಬೇರೆ ತಲೆಬರಹ ಇಡಬೇಕಾಗುತ್ತಿತ್ತು. ಲೆಕ್ಕ ಮಾತ್ರ ಇದೇ ಇರ್ತಿತ್ತು.